ಸಿದ್ದಿ ಮಕ್ಳು ಸಾಲ್ಯಾಗ ಬಾಯೇ ಬಿಡಂಗಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ನಮಸ್ಕಾರ್ರಿ. ನಾನು ಧಾರವಾಡ ಜಿಲ್ಲಾದ ಕಲಘಟಗಿ ತಾಲೂಕಿನ ಒಂದು ಸರಕಾರಿ ಸಾಲ್ಯಾಗ ಮೂರನೇ ಕ್ಲಾಸಿಗೆ ಕಲಸ್ತೀನಿ. ನಮ್ಮಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ನಾಲ್ಕು ಮಕ್ಳು ಅದಾವ, ಮನ್ಯಾಗ ಕೊಂಕಣಿ ಮಾತಾಡ್ತಾವ, ಕ್ಲಾಸಿನ್ಯಾಗ ತುಟಿ ಬಿಚ್ಚಂಗಿಲ್ಲ. ಉಳದ ಹುಡುಗ್ರು ಅವರ ಕೂದ್ಲ ಜಗ್ಗಿ ನೋಡ್ತಾರ, ಅಡ್ಡಹೆಸರಿಟ್ಟು ಕರೀತಾರ. ಒಬ್ಬಾಕಿ ಈಗ ಬರೋದನ್ನ ಬಿಟ್ಟಾಳ. ಆಗಸ್ಟ್ 15ಕ್ಕ ಅವರ ಡಮಾಮಿ ಡಾನ್ಸ್ ಇಡೋಣು, ಸರಿ ಹೋಗ್ತೈತಿ ಅಂತಾರ ಹೆಡ್ ಮಾಸ್ತರ್ರು. ಅಷ್ಟು ಸಾಕಾಗ್ತೈತೇನ್ರಿ?
– ಒಬ್ಬ ಶಿಕ್ಷಕಿ

ಉತ್ತರ: ಸಾಕಾಗಂಗಿಲ್ಲ ಅಕ್ಕೋರ. ಡಾನ್ಸ್ ಬ್ಯಾಡ ಅಂತ ಅಲ್ಲ, ಆ ಮಕ್ಳು ತಾವಾಗೇ ಕುಣೀತೀವಿ ಅಂದ್ರ ಇಡ್ರಿ, ಆದ್ರ ವರ್ಷಪೂರ್ತಿ ಹಿಂದ ಕುಂತ ಹುಡುಗೀನ ಒಂದಿನ ಸ್ಟೇಜ್ ಹತ್ತಿಸಿದ್ರ ಊರ ಮಂದಿ ಫೋಟೊ ಹೊಡ್ಕೊಂಡು ಹೋಗ್ತಾರ, ಮರುದಿನ ಆಕಿ ಮತ್ತ ಅದ ಮೂಲ್ಯಾಗ ಇರ್ತಾಳ. ಸಿದ್ದಿ ಹುಡುಗ್ರು ಅಂದ್ರ ಕುಣಿಯಾಕ, ಓಡಾಕ ಅಷ್ಟ ಅಂತ ದೊಡ್ಡವರ ತಲ್ಯಾಗ ಕುಂತುಬಿಟ್ಟೈತಿ, ಗಣಿತದಾಗ ಹೆಂಗದಾನ ಅಂತ ಯಾರೂ ಕೇಳಂಗಿಲ್ಲ, ಇದು ನನಗ ಭಾಳ ಬ್ಯಾಸರ ತರಸ್ತೈತಿ.

ಮೊದಲ ಕೂದ್ಲಿನ ವಿಷಯ ಹಿಡೀರಿ. ಆ ಮಕ್ಳನ್ನ ಎಬ್ಬಿಸಿ ನಿಲ್ಲಿಸಿ ಇವರ ಕೂದ್ಲ ಯಾಕ ಹಿಂಗ ಅಂತ ತಿಳಿಸಿ ಹೇಳಾಕ ಹೋಗಬ್ಯಾಡ್ರಿ, ಅವರಿಗೆ ಇನ್ನೂ ನಾಚಿಕಿ. ಯಾರ ಮೈ, ಯಾರ ಕೂದ್ಲ ಆಗ್ಲಿ ಕೇಳದ ಮುಟ್ಟಬಾರದು ಅಂತ ಇಡೀ ಸಾಲಿಗೆ ಒಂದ ರೂಲ್ ಮಾಡ್ರಿ. ಅಡ್ಡಹೆಸರು ಕಿವಿಗೆ ಬಿದ್ದಾಗ ನೀವು ನಗಬ್ಯಾಡ್ರಿ, ಸುಮ್ನೂ ಇರಬ್ಯಾಡ್ರಿ, ಅಲ್ಲೇ ತಡೀರಿ. ದೊಡ್ಡವರ ಆ ಹೆಸರು ಕರದ್ರ ಅವರಿಗೂ ಹೇಳ್ರಿ, 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಮಿನ್ಯಾಗ ಹೊಡಿಯೋದಷ್ಟ ಅಲ್ಲ, ಮಕ್ಕಳ ಮನಸ್ಸಿಗೆ ಕಿರುಕುಳ ಕೊಡೋದೂ ತಪ್ಪು ಅಂತ ಐತಿ.

ಮಾತಾಡಂಗಿಲ್ಲ ಅಂದ್ರ ದಡ್ಡ ಅಂತ ತಿಳ್ಕೋಬ್ಯಾಡ್ರಿ, ಕೊಂಕಣಿಯೊಳಗ ಉತ್ತರ ಕೊಟ್ರೂ ಅದು ಉತ್ತರನ. ನಿಮ್ಮದು ಮೂರನೇ ಕ್ಲಾಸು, ಆಟ ಆಡ್ಕೋತ ಕಲಿಯೋ ನಲಿ-ಕಲಿ ಪದ್ಧತಿ ಇರಬೇಕು, 1995ರಾಗ ಅದು ಶುರು ಆಗಿದ್ದ ಎಚ್.ಡಿ. ಕೋಟೆ ಅನ್ನೋ ಕಾಡಂಚಿನ ತಾಲೂಕಿನ್ಯಾಗ. ಗುಂಪಿನ್ಯಾಗ ಕುಂದರಸೋ ಪದ್ಧತಿ ಹೆಂಗೂ ಐತೆಲ್ಲ, ನಾಲ್ಕು ಮಂದೀನೂ ಒಂದ ಕಡೆ ಹಾಕದ ಎರಡೂ ಮಾತು ಬರೋ ಹುಡುಗ್ರ ಜೋಡಿ ಹಾಕ್ರಿ.

ಪುರುಸೊತ್ತು ಸಿಕ್ಕಾಗ ಇಡೀ ಕ್ಲಾಸಿಗೆ ಮಲಿಕ್ ಅಂಬರ್ ಕಥಿ ಹೇಳ್ರಿ, ಇಥಿಯೋಪಿಯಾದಾಗ ಹುಟ್ಟಿ, ಗುಲಾಮನಾಗಿ ಮಾರಿ ಹೋಗಿ, ದಖ್ಖನ್ನಿಗೆ ಬಂದು ಅಹಮದನಗರದ ರಾಜ್ಯಾನ ನಡೆಸಿ ಮೊಗಲರನ್ನ ಕಾಡಿದಾಂವ, ತೀರಿಕೊಂಡಿದ್ದು 1626ರಾಗ. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನ್ಯಾಗೂ ಇಖ್ಲಾಸ್ ಖಾನ್ ಅಂತ ಹಬ್ಶಿ, ಅಂದ್ರ ಆಫ್ರಿಕಾ ಮೂಲದ, ಮಂತ್ರಿ ಇದ್ದ. ಹೇಳೋವಾಗ ಸಿದ್ದಿ ಮಕ್ಕಳ ಕಡೆ ಬೆರಳು ಮಾಡಬ್ಯಾಡ್ರಿ, ಅವರಿಗೆ ತಾನಾಗೇ ತಿಳೀತೈತಿ.

ಸಾಲಿ ಬಿಟ್ಟ ಹುಡುಗಿ ಮನಿಗೆ ನೀವ ಹೋಗ್ರಿ, ನೋಟಿಸ್ ಕಳಸಬ್ಯಾಡ್ರಿ. ಯಾಕ ಕಳಸವಲ್ರಿ ಅಂತ ಕೇಳೋಕಿಂತ ಮುಂಚೆ ಅವರವ್ವನ ಕೂಡ ಕುಂತು ಮಾತಾಡ್ರಿ. ಸಿದ್ದಿ ಹೆಣ್ಮಕ್ಳು ಕೌದಿ ಭಾಳ ಛಂದ ಹೊಲೀತಾರ, ಒಂದು ಕೌದಿ ತಂದು ಚೌಕ, ತ್ರಿಕೋನ, ಲೆಕ್ಕ ಕಲಸ್ರಿ ಅಂತ ಅವ್ವನ್ನ ಕ್ಲಾಸಿಗೆ ಕರೀರಿ. ಡಾನ್ಸಿಗಿಂತ ಇದು ಯಾಕ ಚಲೋ ಅಂದ್ರ ಧಾರವಾಡದ ಕಡೆ ಕೌದಿ ಎಲ್ಲರ ಮನ್ಯಾಗೂ ಐತಿ, ನಮ್ಮವ್ವನೂ ಹೊಲೀತಾಳ ಅಂತ ಉಳದ ಹುಡುಗ್ರು ತಾವ ಹೇಳ್ತಾರ. ಹುಡುಗಿ ತಿರುಗಿ ಬಂದ ದಿನ ಇಷ್ಟ್ ದಿನ ಎಲ್ಲಿ ಹೋಗಿದ್ದಿ ಅಂತ ಎಲ್ಲರ ಮುಂದ ಕೇಳಬ್ಯಾಡ್ರಿ, ಜಾಗಾ ತೋರಿಸಿ ಪುಸ್ತಕ ಕೊಡ್ರಿ. ಸಾಲಿ ನೋಡ್ಕೊಳ್ಳೋ ಪಾಲಕರ ಸಮಿತಿ, ಎಸ್‌ಡಿಎಂಸಿಯೊಳಗ ಸಿದ್ದಿ ತಾಯಂದ್ರು ಯಾರೂ ಇಲ್ಲಂದ್ರ ಅದನ್ನೂ ಕೇಳ್ರಿ.

ಇನ್ನೊಂದು, ಉತ್ತರ ಕನ್ನಡದ ಸಿದ್ದಿಯರು 2003ರಿಂದ ಎಸ್‌ಟಿ ಪಟ್ಟಿಯೊಳಗ ಅದಾರ, ಧಾರವಾಡ, ಬೆಳಗಾವಿಯವರನ್ನ ಸೇರಿಸಿದ್ದು 2020ರಾಗ. ಹಂಗಾಗಿ ನಿಮ್ಮ ಪಾಲಕರ ಹತ್ರ ಸರ್ಟಿಫಿಕೇಟ್ ಇನ್ನೂ ಇರಲಿಕ್ಕಿಲ್ಲ, ನಾಡ ಕಚೇರಿಗೆ ಅರ್ಜಿ ಹಾಕಾಕ ಸಹಾಯ ಮಾಡ್ರಿ. ಸ್ಕಾಲರ್‌ಶಿಪ್ ಫಾರ್ಮ್ ತುಂಬೋವಾಗ ಮಾತ್ರ “ಎಸ್‌ಟಿ ಹುಡುಗ್ರು ಎದ್ದು ನಿಲ್ರಿ” ಅನ್ನಬ್ಯಾಡ್ರಿ. ಒಬ್ಬೊಬ್ಬರನ್ನ ಕರದು ತುಂಬಿಸ್ಕೋರಿ.