ಲಿವರ್‌ನಲ್ಲಿ 4 ಸೆಂ.ಮೀ. ಸಿಸ್ಟ್ ಇದೆ, ಆಪರೇಷನ್ ಮಾಡಿಸಬೇಕೇ?

ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ನಿಮ್ಮ ತಾಯಿಯ ಲಿವರ್‌ನಲ್ಲಿ 4 ಸೆಂ.ಮೀ. ಸಿಸ್ಟ್ (ನೀರು ತುಂಬಿದ ಗುಳ್ಳೆ) ಕಂಡಿದೆ, ನೋವೇನೂ ಇಲ್ಲ, ತೆಗೆಸಬೇಕೇ ಎಂದು ಕೇಳಿದ್ದೀರಿ. ರಿಪೋರ್ಟ್‌ನಲ್ಲಿ ಸೆಂಟಿಮೀಟರ್ ನೋಡಿ ಗಾಬರಿಯಾಗಬೇಡಿ, ಸಿಸ್ಟ್‌ನ ಗೋಡೆಯ ಬಗ್ಗೆ ಏನು ಬರೆದಿದ್ದಾರೆ ಅದನ್ನು ಓದಿ.

'ಸಿಂಪಲ್', 'ಅನೆಕೋಯಿಕ್' ಎಂದಿದ್ದರೆ ತೆಳು ಗೋಡೆಯೊಳಗೆ ಬರೀ ತಿಳಿನೀರು ಇದೆ ಎಂದರ್ಥ. ಪಿತ್ತನಾಳಕ್ಕೆ ಸೇರಿಕೊಳ್ಳದೆ ಉಳಿದ ಹುಟ್ಟು ಕೊಳವೆಯೊಂದು ನಿಧಾನವಾಗಿ ನೀರು ತುಂಬಿಕೊಂಡು ಹೀಗಾಗುತ್ತದೆ. ಇದು ಕ್ಯಾನ್ಸರ್ ಅಲ್ಲ. ತೊಂದರೆ ಕೊಡದಿದ್ದರೆ ಚಿಕಿತ್ಸೆಯೂ ಬೇಡ. ಇದನ್ನು ಕರಗಿಸುವ ಮಾತ್ರೆಯಾಗಲಿ ಕಷಾಯವಾಗಲಿ ಇಲ್ಲ, ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ.

ತುಂಬಾ ದೊಡ್ಡದಾದರೆ ಬಲಪಕ್ಕೆಯ ಕೆಳಗೆ ಭಾರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ವಾಕರಿಕೆ ಕಾಣಿಸುತ್ತವೆ. ಆಗಲೂ ಸೂಜಿ ಹಾಕಿ ನೀರು ತೆಗೆದರಷ್ಟೇ ಸಾಲದು. ಒಳಪದರ ನೀರು ಸುರಿಸುತ್ತಲೇ ಇರುವುದರಿಂದ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ನೀರು ತೆಗೆದ ಮೇಲೆ ಆಲ್ಕೋಹಾಲ್ ಬಿಟ್ಟು ಆ ಪದರವನ್ನು ಸಾಯಿಸುತ್ತಾರೆ, ಇಲ್ಲವೇ ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಸಿಸ್ಟ್‌ನ ಮೇಲ್ಛಾವಣಿ ಕತ್ತರಿಸುತ್ತಾರೆ. ಆಲ್ಕೋಹಾಲ್ ಬಿಡುವ ಮುನ್ನ ಸಿಸ್ಟ್‌ಗೂ ಪಿತ್ತನಾಳಕ್ಕೂ ಸಂಪರ್ಕವಿಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು, ಆಲ್ಕೋಹಾಲ್ ಅದರೊಳಗೆ ಹೋದರೆ ನಾಳವೇ ಸುಟ್ಟುಹೋಗುತ್ತದೆ.

ದಪ್ಪ ಗೋಡೆ, ಒಳಗೆ ಪರದೆ ಅಥವಾ ಗಂಟು ಎಂದು ಬರೆದಿದ್ದರೆ ಮಾತ್ರ ಬೇರೆ. ಸಿಟಿ ಅಥವಾ ಎಂಆರ್‌ಐ ಬೇಕು. ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲ ಗಡ್ಡೆಯಾದರೆ ಪೂರ್ತಿ ತೆಗೆಯಬೇಕಾಗುತ್ತದೆ.

ದೊಡ್ಡ ಸಿಸ್ಟ್‌ನೊಳಗೆ ಮರಿ ಸಿಸ್ಟ್‌ಗಳಿದ್ದರೆ ಹೈಡಾಟಿಡ್ ಅನುಮಾನ. ಇದು ನಾಯಿಯ ಲಾಡಿಹುಳುವಿನ ಕೆಲಸ. ಕುರಿ ಕೊಯ್ದಾಗ ಗುಳ್ಳೆಯಿರುವ ಲಿವರನ್ನು ನಾಯಿಗೆ ಎಸೆಯುತ್ತಾರೆ, ಹುಳು ನಾಯಿಯ ಕರುಳಲ್ಲಿ ಬೆಳೆಯುತ್ತದೆ, ಅದರ ಮೊಟ್ಟೆ ಮಲದ ಮೂಲಕ ಕೈಗೆ, ಸೊಪ್ಪಿಗೆ ಅಂಟಿ ನಮ್ಮ ಹೊಟ್ಟೆ ಸೇರುತ್ತದೆ. ನಿಮ್ಮ ಮನೆಯಲ್ಲಿ ಕುರಿ, ನಾಯಿಗಳ ಒಡನಾಟವಿದ್ದರೆ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಪೂರ್ವಸಿದ್ಧತೆ ಇಲ್ಲದೆ ಇದಕ್ಕೆ ಸೂಜಿ ಚುಚ್ಚಿದರೆ ನೀರು ಸೋರಿ ಜೀವಕ್ಕೇ ಕುತ್ತಾಗುವ ಅಲರ್ಜಿ ಬರಬಹುದು, ಹೊಟ್ಟೆಯೆಲ್ಲ ಹೊಸ ಸಿಸ್ಟ್‌ಗಳು ಮೊಳೆಯಬಹುದು.

ಹೈಡಾಟಿಡ್ ಸಿಸ್ಟ್ ಔಷಧಿ ಅಲ್ಬೆಂಡಜೋಲ್, ಶಾಲೆಯಲ್ಲಿ ಜಂತುಹುಳುವಿಗೆ ಕೊಡುವ ಅದೇ ಮಾತ್ರೆ. ಆದರೆ ಒಂದು ಮಾತ್ರೆ ಏನೂ ಮಾಡದು. ದೊಡ್ಡವರಿಗೆ ಸಾಮಾನ್ಯವಾಗಿ 400 ಮಿ.ಗ್ರಾಂ. ದಿನಕ್ಕೆರಡು ಬಾರಿ, ತಿಂಗಳುಗಟ್ಟಲೆ. ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ ನುಂಗಿದರೇ ಮೈಗೆ ಹತ್ತುವುದು. ರಕ್ತಕಣ ಮತ್ತು ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕಾದ್ದರಿಂದ ಡಾಕ್ಟರ್ ಇಲ್ಲದೆ ಶುರುಮಾಡಬೇಡಿ. ಗರ್ಭಿಣಿಯರಿಗೆ ಕೊಡುವುದಿಲ್ಲ.

ಯಾವ ಸಿಸ್ಟ್ ಆದರೂ ಸರಿ, ಒಮ್ಮೆಲೇ ತೀವ್ರ ನೋವು, ಚಳಿಜ್ವರ, ಕಣ್ಣು ಹಳದಿ, ಮೈಮೇಲೆ ದದ್ದು ಬಂದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.