ಮಂಡಿ ಸವೆದ ಮೇಲೂ

ಪ್ರಿಯ ಓದುಗರೇ,

"ನಮ್ಮ ಕಾಲದಲ್ಲಿ ಮೂವತ್ತು ದಾಟಿದರೆ ಟೆನಿಸ್ ಆಟಗಾರ ಮುದುಕ. ಜೊಕೊವಿಚ್ ನೋಡಿ, 36ಕ್ಕೂ ಯುಎಸ್ ಓಪನ್ ಗೆದ್ದ. ಎಲ್ಲ ದುಡ್ಡು, ಡಾಕ್ಟರ ಮಹಿಮೆ ಅಲ್ವಾ?" ಅಂತ ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಫಿಸಿಯೊ, ಟ್ರೇನರ್ ಎಲ್ಲರನ್ನೂ ಜೊತೆಗೇ ಕರೆದುಕೊಂಡು ಊರೂರು ಸುತ್ತುವ ಅನುಕೂಲ ಹಿಂದಿನವರಿಗೆ ಎಲ್ಲಿತ್ತು? ಆದರೆ ನಿಮ್ಮ ಕಾಲದವರೇ ಆದ ಕೆನ್ ರೋಸ್‌ವಾಲ್‌ರನ್ನು ಮರೆತುಬಿಟ್ಟಿರಲ್ಲ!

ಆಸ್ಟ್ರೇಲಿಯಾದ ಈ ಪುಣ್ಯಾತ್ಮ ವಿಂಬಲ್ಡನ್ ಸಿಂಗಲ್ಸ್ ಫೈನಲ್ ಮೊದಲ ಸಲ ಆಡಿದ್ದು 1954ರಲ್ಲಿ, 19ನೇ ವಯಸ್ಸಿಗೆ. ಕೊನೆಯ ಸಲ 1974ರಲ್ಲಿ, 39ಕ್ಕೆ. ಎರಡರಲ್ಲೂ ಸೋತರು. ನಡುವೆ ಇನ್ನೆರಡು ಫೈನಲ್, ಅವೂ ಸೋಲೇ. 1974ರಲ್ಲಿ ಸೋಲಿಸಿದ ಜಿಮ್ಮಿ ಕಾನರ್ಸ್‌ಗೆ, ಇವರ ಮೊದಲ ಫೈನಲ್ ಹೊತ್ತಿಗೆ ಎರಡು ವರ್ಷವೂ ತುಂಬಿರಲಿಲ್ಲ! ವಿಂಬಲ್ಡನ್‌ನಂಥ ನಾಲ್ಕು ದೊಡ್ಡ ಟೂರ್ನಿಗಳಲ್ಲಿ, ಅಂದರೆ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ, ಆಗ ಹವ್ಯಾಸಿಗಳಿಗಷ್ಟೇ ಪ್ರವೇಶ. ದುಡ್ಡಿಗೆ ಆಡುವ ವೃತ್ತಿಪರರಾದ ತಪ್ಪಿಗೆ 1957ರಿಂದ 1968ರವರೆಗೆ ಇವರಿಗೆ ಆ ಬಾಗಿಲೇ ಮುಚ್ಚಿತ್ತು. ಆದರೂ 1953ರಲ್ಲಿ ಗೆದ್ದ ಆಸ್ಟ್ರೇಲಿಯಾ ಪಟ್ಟವನ್ನು 1972ರಲ್ಲಿ ಮತ್ತೆ ಗೆದ್ದರು.

ಆಳು ಐದಡಿ ಏಳಿಂಚು. ಗೆಳೆಯರು ಇಟ್ಟ ಅಡ್ಡಹೆಸರು 'ಮಸಲ್ಸ್', ಮೈಯಲ್ಲಿ ಅದು ಇಲ್ಲದ್ದಕ್ಕೆ. ಹುಟ್ಟಾ ಎಡಚ, ಬಲಗೈಯಲ್ಲಿ ಆಡಲು ಕಲಿಸಿದ್ದು ಅಪ್ಪ. ಸರ್ವ್ ಅಷ್ಟಕ್ಕಷ್ಟೇ. ಬ್ಯಾಕ್‌ಹ್ಯಾಂಡ್ ಸ್ಲೈಸ್ ಮಾತ್ರ ಬೇರೆಯೇ ಕಥೆ. ಚೆಂಡು ನೆಟ್ ಸವರಿಕೊಂಡು ಹೋಗಿ ಹುಲ್ಲಿನ ಮೇಲೆ ಏಳದೆ ಜಾರುತ್ತಿತ್ತು. ಎದುರಾಳಿ ಸೊಂಟ ಬಗ್ಗಿಸಿ ಎತ್ತಬೇಕು. ಅಷ್ಟರಲ್ಲಿ ಇವರು ಮುಂದಿನ ಹೊಡೆತಕ್ಕೆ ಸರಿಯಾದ ಜಾಗದಲ್ಲಿ ನಿಂತಾಗಿರುತ್ತಿತ್ತು. ಸುಮ್ನೆ ಓಡಾಟ ಇಲ್ಲ, ಮೈ ಮುರಿಯುವ ಹೊಡೆತ ಇಲ್ಲ. ಅಷ್ಟು ವರ್ಷ ಬಾಳಿಕೆ ಬಂದದ್ದು ಇದರಿಂದಲೇ ಅನ್ನುವುದು ನನ್ನ ಲೆಕ್ಕ.

ಇನ್ನು ನಮ್ಮ ಕೊಡಗಿನ ರೋಹನ್ ಬೋಪಣ್ಣ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಮೊದಲ ಸಲ ವಿಶ್ವದ ನಂಬರ್ ಒನ್ ಆದಾಗ ವಯಸ್ಸು 43. ಡಬಲ್ಸ್ ತಾನೇ ಅಂತೀರೇನೋ. ಸರಿ, ಅರ್ಧ ಅಂಕಣ ಕಾದರೆ ಸಾಕು. ಆದರೆ ಬೋಪಣ್ಣರ ಮಂಡಿಯ ಮೆತ್ತನೆ ಮೂಳೆ ಎಂದೋ ಸವೆದು ಹೋಗಿತ್ತು. ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. ಅವರ ಕೈಹಿಡಿದದ್ದು ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗ. ನೀವು ಹೇಳುವ ದುಡ್ಡಿನ ಬಾಬತ್ತು ಅಲ್ಲಿ ಏನಿದೆ? ಆಸನಕ್ಕೆ ಆಸರೆಯಾಗಿ ಒಂದು ಹಗ್ಗ, ಒಂದು ದಿಂಬು, ಒಂದು ಮರದ ತುಂಡು.

- ಸಂಪಾದಕ