ಔಷಧಿ ಹೊಡೆದ್ರೆ ಸಾಕಲ್ವಾ, ಕೀಟ ನಿರ್ವಹಣೆ ಅಂತ ಬೇರೆ ಯಾಕೆ?

ಹುಳ ಬಿದ್ರೆ ಔಷಧಿ ಹೊಡೆದ್ರಾಯ್ತಲ್ಲ ಅಂತ ಕೇಳಿದೀರ. ಬೇಸಾಯ ಶುರು ಮಾಡಿದಾಗ ನಾನೂ ಹಾಗೇ ಅಂದ್ಕೊಂಡಿದ್ದೆ, ಹುಳ ಇರಲಿ ಬಿಡಲಿ ಹದಿನೈದು ದಿನಕ್ಕೊಂದ್ಸಲ ಪಂಪ್ ಹೆಗಲಿಗೇರಿಸ್ತಿದ್ದೆ.

ಬೆಳೆ ರಕ್ಷಣೆ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಹುಳ ರೋಗ ಎಲ್ಲಾ ಸೇರಿ ಪ್ರಪಂಚದ ಬೆಳೇಲಿ ವರ್ಷಕ್ಕೆ 40% ವರೆಗೂ ಹಾಳಾಗುತ್ತೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಆದ್ರೆ ರಕ್ಷಣೆ ಅಂದ್ರೆ ಮೊದಲು ಹೊಲಕ್ಕಿಳಿದು ಎಲೆ ಮಗುಚಿ ನೋಡೋದು, ಔಷಧಿ ಆಮೇಲೆ.

ಒಂದ್ಸಲ ಸಸ್ಯಹೇನು, ಅಂದ್ರೆ ಗಿಡದ ರಸ ಹೀರೋ ಪುಟ್ಟ ಹುಳ, ಹತ್ತಿದ ಎಲೆ ಮಗುಚಿದ್ರೆ ಹೇನಿನ ಮಧ್ಯೆ ಕಪ್ಪಗೆ, ಮೈಮೇಲೆ ಕಿತ್ತಳೆ ಚುಕ್ಕೆ ಇರೋ ಪುಟ್ಟ ಮೊಸಳೆ ಥರ ಹುಳ ಓಡಾಡ್ತಿತ್ತು. ನಾನು ಅದನ್ನೇ ಶತ್ರು ಅಂದ್ಕೊಂಡು ಎಷ್ಟು ಸಲ ಸಾಯಿಸಿದೀನೋ, ಆಮೇಲೆ ತಿಳೀತು ಅದು ಗುಲಗಂಜಿ ಹುಳದ ಮರಿ, ಹೇನು ತಿಂದೇ ಬೆಳೆಯೋದು ಅಂತ. ಪಕ್ಕದಲ್ಲೇ ಕೆಲವು ಹೇನು ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಸತ್ತಿದ್ವು, ಬೆನ್ನಲ್ಲಿ ದುಂಡಗೆ ತೂತು, ಅದು ಒಳಗೇ ಬೆಳೆದ ಸಣ್ಣ ಕಣಜ ಕೊರ್ಕೊಂಡು ಹೊರಬಂದ ಗುರುತು.

ಕಂಡಾಪಟ್ಟೆ ಹೊಡೆದ್ರೆ ಮೊದಲು ಸಾಯೋದು ಇಂಥವೇ, ಬೆಳೆ ತಿನ್ನೋವು ಬೇಗ ಮರಿ ಹಾಕಿ ವಾಪಸ್ ಬರ್ತವೆ. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಹೀಗೇ ಆಯ್ತು, ಹುಳ ತಿನ್ನೋ ಜೇಡಗಳೆಲ್ಲ ಸತ್ತು, ಭತ್ತದ ರಸ ಹೀರೋ ಕಂದು ಜಿಗಿಹುಳು ವಿಪರೀತ ಆಗಿ 1986ರಲ್ಲಿ ಸರ್ಕಾರ ಭತ್ತಕ್ಕೆ ಹೊಡೀತಿದ್ದ 57 ಕೀಟನಾಶಕಗಳನ್ನ ನಿಷೇಧಿಸಬೇಕಾಯ್ತು.

ಹಾಗಂತ ಔಷಧಿ ಮುಟ್ಟಲೇಬೇಡಿ ಅಂತಲ್ಲ. ಹೊಲದಲ್ಲಿ ಅಲ್ಲಲ್ಲಿ ಒಂದಿಪ್ಪತ್ತು ಗಿಡ ನೋಡಿ ಹುಳ ಎಣಿಸಿ, ಅದ್ರಿಂದಾಗೋ ನಷ್ಟ ಹೊಡೆಯೋ ಖರ್ಚಿಗಿಂತ ಜಾಸ್ತಿ ಆಗೋ ಹಂಗಿದ್ರೆ ಹೊಡೀರಿ. ಬಿಳಿನೊಣದಂಥವು ವೈರಸ್ ಹರಡ್ತವೆ, ಅಲ್ಲಿ ಮಾತ್ರ ಕಾಯ್ತಾ ಕೂರಬೇಡಿ, ಸಸಿಮಡಿಗೇ ಪರದೆ ಕಟ್ಟಿ, ರೋಗ ಬಂದ ಗಿಡ ಕಂಡ ಕೂಡ್ಲೇ ಕಿತ್ತು ಹಾಕಿ. ಒಂದೇ ಔಷಧಿ ಪದೇ ಪದೇ ಬೇಡ, ಹುಳಕ್ಕೆ ಅದು ಒಗ್ಗಿಹೋಗುತ್ತೆ, ಡಬ್ಬದ ಹೆಸರು ಬೇರೆ ಆದ್ರೆ ಸಾಲದು ಒಳಗಿನ ರಾಸಾಯನಿಕದ ಗುಂಪೇ ಬೇರೆ ಇರಬೇಕು. ಹೂ ಬಿಟ್ಟಿರೋವಾಗ ಆದಷ್ಟೂ ಹೊಡೀಬೇಡಿ, ಹೊಡೀಲೇಬೇಕು ಅಂದ್ರೆ ಸಂಜೆ ಜೇನು ಗೂಡಿಗೆ ಹೋದ ಮೇಲೆ.

ನಿಮ್ಮದು ಯಾವ ಬೆಳೆ, ಎಲೆ ಅಡಿ ಏನು ಕಾಣ್ತಿದೆ ಹೇಳಿ, ಗೊತ್ತಿರೋದು ಹೇಳ್ತೀನಿ.